ಕಾಕಾರ ಕಿವಿಯೂ ನನ್ನ ಮೀಟರೂ

ಕಾಕಾರ ಬಲಗಿವಿಯ ಮುಂದೆ, ಕೆನ್ನೆಯೆಲುಬು ಮುಗಿಯುವಲ್ಲಿ, ಬಟಾಣಿ ಗಾತ್ರದ ಒಂದು ಕಪ್ಪು ಜಡ್ಡು ಇತ್ತು. ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಓಡುತ್ತಿರುವ ವಿದ್ಯುತ್ ಮಗ್ಗಕ್ಕೆ ತಾಗಿಸಿ, ಮರದ ಹಿಡಿಕೆಯನ್ನು ಅಲ್ಲಿ ಒತ್ತಿಕೊಂಡು, ಬಾಯಿ ಸ್ವಲ್ಪ ತೆರೆದು ನಿಲ್ಲುತ್ತಿದ್ದರು. ಬೇರಿಂಗು ಸವೆದಿದೆಯೋ, ಬೋಲ್ಟು ಸಡಿಲವೋ, ಹಲ್ಲಿನ ಗಾಲಿ ಕಚ್ಚಿಕೊಳ್ಳುತ್ತಿದೆಯೋ ಎಂಬುದನ್ನು ಮಗ್ಗ ನಿಲ್ಲಿಸದೆಯೇ ಹೇಳಿಬಿಡುತ್ತಿದ್ದರು. ಬಹಳ ವರ್ಷ ಹೀಗೆ ಒತ್ತಿ ಒತ್ತಿ ಆ ಜಾಗ ಜಡ್ಡುಗಟ್ಟಿತ್ತು. "ನೋಡಬ್ಯಾಡ್ರಿ, ಆಲಿಸ್ರಿ. ಕಣ್ಣು ಭಾಳ ಮೋಸ ಮಾಡತೈತಿ," ಎನ್ನುವುದು ಅವರ ಮಾತು.

ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ಮಗ್ಗಗಳ ರಿಪೇರಿ ನೋಡಿಕೊಳ್ಳುವವರಿಗೆ ಜಾಬರ್ ಅನ್ನುತ್ತಾರೆ. ಅವರು ನಮ್ಮ ಶೆಡ್ಡಿನ ಜಾಬರ್. ಬನಹಟ್ಟಿ ಕಡೆಯವರು, ಮೀಸೆ ಮೂಡುವ ಮುಂಚೆಯೇ ಇಲ್ಲಿಗೆ ಬಂದವರು. ನಾನು ಮದುವೆಯಾಗಿ ಜಯಸಿಂಗಪುರದಿಂದ ಈ ಮನೆಗೆ ಬಂದಾಗ ಕೆಳಗೆ ಮಗ್ಗ, ಮೇಲೆ ಸಂಸಾರ. ಮೊದಲ ತಿಂಗಳು ಮಗ್ಗದ ಸದ್ದಿಗೆ ತಲೆ ಸಿಡಿದು ಅತ್ತಿದ್ದೆ. ಆಗ ಮೆಟ್ಟಿಲ ಕೆಳಗೆ ನಿಂತು, "ಒಂದ್ ವರ್ಷ ತಡೀರಿ ವೈನಿ, ಆಮ್ಯಾಲೆ ಇದು ಕೇಳಸಂಗೇ ಇಲ್ಲ," ಎಂದು ಸಮಾಧಾನ ಮಾಡಿದವರು ಅವರೇ. ಶೆಡ್ಡಿನ ಮಾಲೀಕರ ಹೆಂಡತಿಯೆಂದು ಅವರು ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದರು; ನಾನು ಅವರನ್ನು ಕಾಕಾ ಎಂದೇ ಕರೆದೆ.

ನಾನು ಗಡಹಿಂಗ್ಲಜದ ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಅಳೆದು ನೋಡದೆ ಏನನ್ನೂ ನಂಬಬಾರದು ಎನ್ನುವುದು ನನ್ನ ಪಾಠ, ನನ್ನ ಜಂಬವೂ ಅದೇ. ಕಾಕಾ ಇದಕ್ಕೆ ಪೂರ್ತಿ ಉಲ್ಟಾ ಮನುಷ್ಯ. ಆದರೂ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದುತ್ತಿತ್ತು. ಅದಕ್ಕೆ ಕಾರಣ ಅವರ ಡಬ್ಬಿ.

ಅವರಿಗೆ ಸಂಗೀತದ ಹುಚ್ಚು. ಅದರಲ್ಲೂ ತಂಬೂರಿ. ಸೂಟಿ ಸಿಕ್ಕರೆ ಮಿರಜಿಗೆ ಹೋಗಿ ತಂಬೂರಿ ಮಾಡುವವರ ಅಂಗಡಿಯ ಕಟ್ಟೆಯ ಮೇಲೆ ಸುಮ್ಮನೆ ಕೂತು ಬರುತ್ತಿದ್ದರು. ಆದರೆ ಅವರು ಬಾಡಿಗೆಗಿದ್ದ ಖೋಲಿಯ ಎರಡೂ ಬದಿಗೆ ಮಗ್ಗದ ಶೆಡ್ಡುಗಳು. ಅಲ್ಲಿ ತಂಬೂರಿ ಕೇಳಬೇಕಾದರೆ ಕಿವಿ ಮುಚ್ಚುವ ದೊಡ್ಡ ಹೆಡ್‌ಫೋನೇ ಗತಿ. ಮೊಬೈಲಿಗೆ ಅದನ್ನು ನುಡಿಸುವ ತಾಕತ್ತು ಸಾಲದೆಂದು ಕೊಲ್ಹಾಪುರದಿಂದ ಬಿಡಿ ಭಾಗ ತಂದು, ತಾವೇ ಬೆಸುಗೆ ಹಾಕಿ, ಒಂದು ಆಂಪ್ಲಿಫೈಯರ್ ಕಟ್ಟಿದ್ದರು. ಸಾಗವಾನಿ ಪೆಟ್ಟಿಗೆಯಲ್ಲಿ ಕೂರಿಸಿದ್ದರಿಂದ ಅದು ಎಲ್ಲರ ಬಾಯಲ್ಲಿ ಡಬ್ಬಿ ಆಯಿತು.

ಒಂದು ದಿನ ಕಾಲೇಜಿಗೆ ಹೊರಟವಳನ್ನು ತಡೆದು ಕೇಳಿದರು. "ವೈನಿ, ಡಬ್ಬಿಯೊಳಗ ಸುಂಯ್ ಅಂತ ಸಣ್ಣ ಸೀಟಿ ಬರಾಕತ್ತೈತ್ರಿ. ಪವರ್ ಸಪ್ಲಾಯ್ ಬದಲಿ ಮಾಡಿದ್ರ ಆವಾಜ್ ಸುಧಾರಿಸತೈತೇನ್ರಿ?"

"ಸಪ್ಲಾಯ್ ಕೆಟ್ಟಿದ್ರ ಸುಧಾರಿಸತೈತಿ ಕಾಕಾ. ಚೊಲೊ ಇದ್ರ ಏನೂ ಆಗಂಗಿಲ್ಲ. ಸೋಸಿದ ಹಾಲು ಮತ್ತ ಸೋಸಿದ್ರ ಏನ್ ಬರತೈತಿ?"

ಹೆಡ್‌ಫೋನು ಹಾಕಿ ನೋಡಿದೆ. ಸೀಟಿ ನಿಜವಾಗಿಯೂ ಇತ್ತು. ಗೋಡೆಗೆ ಚುಚ್ಚುವ ಅಗ್ಗದ ಅಡಾಪ್ಟರಿನ ಚಾಳಿ ಅದು. ಅದನ್ನು ಕಿತ್ತು ಹಾಕಿ, ಟ್ರಾನ್ಸ್‌ಫಾರ್ಮರ್ ಇರುವ ಹಳೇ ಪದ್ಧತಿಯ ಸಪ್ಲಾಯ್ ಹೇಗೆ ಕಟ್ಟಬೇಕೆಂದು ಚಿತ್ರ ಬರೆದುಕೊಟ್ಟೆ. ಕಾಕಾ ಒಂದೇ ವಾರದಲ್ಲಿ ಕಟ್ಟಿದರು. ಸೀಟಿ ಹೋಯಿತು. ಕಣ್ಣು ಮುಚ್ಚಿ ತಂಬೂರಿ ಕೇಳುತ್ತಾ ಕೂತರು. "ನಡುವಿನ ಜಾಗಾ ಖಾಲಿ ಆತ್ರಿ ವೈನಿ. ತಂತಿ ಒಂದೊಂದು ಬ್ಯಾರೆ ಬ್ಯಾರೆ ನಿಂತಾವು," ಎಂದರು. ನನಗೆ ನನ್ನ ಓದೆಲ್ಲ ಸಾರ್ಥಕವಾಯಿತೆನಿಸಿತು.

ಎರಡು ಮೂರು ವರ್ಷ ಕಳೆದಿರಬೇಕು. ಮತ್ತೆ ಬಂದರು. "ಸೀಟಿ ಹೊಳ್ಳಿ ಬಂದೈತ್ರಿ."

ನಾನು ಕೇಳಿದೆ. ಏನೂ ಇರಲಿಲ್ಲ. ಹಾಗೆಂದು ಹೇಳಿದರೆ ಒಪ್ಪಲಿಲ್ಲ. ಮೊದಲು ಕೆಪ್ಯಾಸಿಟರುಗಳನ್ನು ಬದಲಿಸಿದರು. ಆಮೇಲೆ ಟ್ರಾನ್ಸ್‌ಫಾರ್ಮರನ್ನು. ಮಗ್ಗದ ಮೋಟಾರುಗಳು ಲೈನು ಕೆಡಿಸುತ್ತವೆ, ಕರೆಂಟಿನ ಸಂಬಂಧವೇ ಬೇಡವೆಂದು ಕೊನೆಗೆ ಮೋಟಾರ್‌ಸೈಕಲ್ ಬ್ಯಾಟರಿ ತಂದು ಜೋಡಿಸಿದರು. ಪ್ರತಿ ಸಲವೂ ಎರಡು ದಿನ, "ಸ್ವಲ್ಪ ಕಡಿಮಿ ಆಗೇತ್ರಿ" ಎನ್ನುವರು. ಮೂರನೇ ದಿನಕ್ಕೆ ಮುಖ ಇಳಿದಿರುತ್ತಿತ್ತು. ಕಾಕಾ ತಪ್ಪು ಮಾಡುತ್ತಿದ್ದರೆಂದು ಈಗಲೂ ಅನ್ನಿಸುವುದಿಲ್ಲ. ಮೊದಲ ಸಲ ರೋಗ ಸಪ್ಲಾಯಿನಲ್ಲೇ ಇತ್ತು. ಎರಡನೇ ಸಲವೂ ಅದೇ ಸದ್ದು ಕೇಳಿದರೆ ಯಾವ ಜಾಬರಾದರೂ ಅಲ್ಲಿಯೇ ಕೈ ಹಾಕುತ್ತಾನೆ.

ನನಗೆ ಹಟ ಬಂತು. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎಸ್‌ಟಿ ಬಸ್ಸಿನಲ್ಲಿ ಕಾಲೇಜಿಗೆ ಒಯ್ದು, ಕರೆಂಟಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿಗೆ ಹಚ್ಚಿದೆ. ಪರದೆಯ ಮೇಲೆ ಸಪ್ಲಾಯಿನ ಗೆರೆ ಅಲ್ಲಾಡದೆ ನೇರ ಮಲಗಿತ್ತು. ಅದರ ಫೋಟೊ ತೆಗೆದು ತಂದು ತೋರಿಸಿದೆ.

"ನಿಮ್ಮ ಮಷೀನಿಗೆ ಕಾಣಸಂಗಿಲ್ಲ ವೈನಿ. ನನಗ ಕೇಳಸತೈತಿ."

ಅಷ್ಟಕ್ಕೂ ಬಿಡಲಿಲ್ಲ ನಾನು. ಒಂದು ಭಾನುವಾರ ನಮ್ಮ ಮನೆಗೇ ಕರೆದು, ಡಬ್ಬಿಯನ್ನು ಪರದೆಯ ಹಿಂದಿಟ್ಟು, ಒಮ್ಮೆ ಟ್ರಾನ್ಸ್‌ಫಾರ್ಮರ್, ಒಮ್ಮೆ ಬ್ಯಾಟರಿ ಎಂದು ಅವರಿಗೆ ತಿಳಿಯದಂತೆ ಬದಲಿಸುತ್ತಾ ಹೋದೆ. ಯಾವುದರಲ್ಲಿ ಸೀಟಿ ಇದೆ ಹೇಳಿ ಎಂದೆ. ಪ್ರತಿ ಸಲವೂ, "ಐತ್ರಿ," ಎಂದರು. ಬ್ಯಾಟರಿಯಲ್ಲೂ ಐತ್ರಿ, ಲೈನಿನಲ್ಲೂ ಐತ್ರಿ. ನಾನು ಗೆದ್ದೆ. ಎರಡೂ ಒಂದೇ, ಇದೆಲ್ಲ ನಿಮ್ಮ ಭ್ರಮೆ ಎಂದು ತೀರ್ಪು ಕೊಟ್ಟೆ. ಕಾಕಾ ತಲೆ ಬಗ್ಗಿಸಿ ಹೆಡ್‌ಫೋನಿನ ತಂತಿ ಸುತ್ತಿಕೊಂಡು ಹೋದರು.

ಆ ಪರೀಕ್ಷೆಯ ಕಥೆಯನ್ನು ನಾನು ಕ್ಲಾಸಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಮೀಟರ್ ಬಿಟ್ಟು ಕಿವಿ ನಂಬುವವರ ಗತಿ ನೋಡಿ ಎಂದು. ಹುಡುಗರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಇಲ್ಲದ ಸದ್ದು ಆ ಮನುಷ್ಯನಿಗೆ ಕೇಳುತ್ತಿದ್ದುದಾದರೂ ಎಲ್ಲಿಂದ ಎಂದು ಒಬ್ಬರೂ ಕೇಳಲಿಲ್ಲ. ಕೇಳಬೇಕಾದವಳು ನಾನು. ಕೇಳಲಿಲ್ಲ.

ಒಮ್ಮೆ ಅವರ ಹೆಂಡತಿ ಅರಿಷಿಣ ಕುಂಕುಮಕ್ಕೆ ಬಂದಾಗ ಗೊಣಗಿದ್ದರು. "ನಾ ಬೆನ್ನಹಿಂದಿಂದ ಹತ್ತ ಸಲ ಕೂಗಿದ್ರ ಓ ಅನ್ನಂಗಿಲ್ಲರಿ. ಆ ಡಬ್ಬಿಗೆ ಅಷ್ಟ ಕಿವಿ." ಗಂಡಸರೆಲ್ಲ ಹಾಗೇ ಎಂದು ನಾನು ನಕ್ಕೆ. ನಮ್ಮ ಗಲ್ಲಿಯಲ್ಲಿ ಕಿವುಡು ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ, ಎಲ್ಲರೂ ತುಟಿ ನೋಡಿಯೇ ಅರ್ಥ ಮಾಡಿಕೊಳ್ಳುತ್ತಾರೆ. ಬೇರೆ ಊರಲ್ಲಾಗಿದ್ದರೆ ಎಂದೋ ತಿಳಿಯುತ್ತಿತ್ತು.

ದುರಸ್ತಿಗೆಂದು ಲೈನು ಬಂದ್ ಆದ ಒಂದು ಮಧ್ಯಾಹ್ನ ಇಡೀ ಗಲ್ಲಿ ನಿಂತಿತ್ತು. ಕಾಕಾಗೆ ಚಹಾ ಕೊಡೋಣವೆಂದು ಕೆಳಗಿಳಿದೆ. ನೂಲು ಸುತ್ತಿದ ಬೀಮಿನ ದಿಂಡಿನ ಮೇಲೆ ಕೂತಿದ್ದರು, ತಲೆಗೆ ಹೆಡ್‌ಫೋನು, ತೊಡೆಯ ಮೇಲೆ ಡಬ್ಬಿ. ಬ್ಯಾಟರಿಯ ತಂತಿಗಳನ್ನು ಕಳಚಿ ನೆಲಕ್ಕೆ ಬಿಟ್ಟಿದ್ದರು. ಹೆಡ್‌ಫೋನು ತೆಗೆದರು, ಹಾಕಿಕೊಂಡರು, ಮತ್ತೆ ತೆಗೆದರು.

"ಕರೆಂಟ್ ಇಲ್ಲರಿ. ಬ್ಯಾಟರಿ ತಗದೇನಿ. ಹಾಡು ಹಚ್ಚಿಲ್ಲ. ಆದ್ರೂ ಐತಿ." ಡಬ್ಬಿಯನ್ನು ತೊಡೆಯಿಂದ ಕೆಳಗಿಟ್ಟರು. "ಇದು ಡಬ್ಬಿದಲ್ಲ ವೈನಿ."

ನಾನು ಚಹಾದ ಕಪ್ಪನ್ನು ಬೀಮಿನ ಪಕ್ಕ ಇಟ್ಟೆ.

"ಡಬ್ಬಿಯೊಳಗ ಏನೂ ಇಲ್ಲಂತ ನಿಮಗ ಮೊದಲ ಗೊತ್ತಿತ್ತಲ್ಲರಿ. ಮತ್ತ ಇದು ಏನಂತ ನಿಮಗ ಅನಿಸಲಿಲ್ಲೇನ್ರಿ?"

ಸಿಟ್ಟಿನಿಂದ ಕೇಳಿದ್ದಲ್ಲ. ಮಗ್ಗದ ಬಗ್ಗೆ ವಿಚಾರಿಸುವ ಹಾಗೆ ಕೇಳಿದರು. "ಇಲ್ಲ ಕಾಕಾ," ಎಂದೆ.

ಮರುವಾರ ಕೊಲ್ಹಾಪುರದ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಗಾಜಿನ ಕಿಟಕಿಯ ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ಕಾಕಾ ಬಹಳ ಹೊತ್ತು ಒತ್ತಲೇ ಇಲ್ಲ. ಸದ್ದನ್ನು ಯಂತ್ರದ ಕೊನೆಯ ಅಂಕಿಯ ಹತ್ತಿರಕ್ಕೆ ಏರಿಸಿದ ಮೇಲೆ ಒತ್ತಿದರು. ಗಾಜಿನ ಈಚೆ ನಿಂತು ನೋಡಲಾರದೆ ನಾನು ಮುಖ ತಿರುಗಿಸಿದೆ.

ಡಾಕ್ಟರು ನಕ್ಷೆ ತೋರಿಸಿದರು. ಎತ್ತರದ ಸ್ವರದ ತೆಳು ಸದ್ದುಗಳ ಕಡೆಗೆ ಗೆರೆ ಪಾತಾಳಕ್ಕೆ ಇಳಿದಿತ್ತು. ಮಗ್ಗದ ಗದ್ದಲಕ್ಕೆ ಒಳಗಿವಿಯ ನರ ಸತ್ತಿದೆ, ಸತ್ತದ್ದು ತಿರುಗಿ ಬರುವುದಿಲ್ಲ, ಆ ಸೀಟಿಯೇ ಮೊದಲ ಎಚ್ಚರಿಕೆ ಎಂದರು. "ಆಧೀ ಯಾಯಲಾ ಹವಂ ಹೋತಂ," ಎಂದು ಮರಾಠಿಯಲ್ಲಿ ನನ್ನ ಕಡೆ ನೋಡಿ ಅಂದರು. ಮೊದಲೇ ಬರಬೇಕಿತ್ತು. ಬಂದಿದ್ದರೆ ಮಗ್ಗದಿಂದ ದೂರವಿಟ್ಟು ಉಳಿದದ್ದನ್ನಾದರೂ ಉಳಿಸಬಹುದಿತ್ತು. ನನ್ನ ಮೊಬೈಲಿನಲ್ಲಿ ಆ ನೇರ ಗೆರೆಯ ಫೋಟೊ ಇನ್ನೂ ಇತ್ತು. ಅದರ ತಾರೀಖು ನೋಡುವ ಧೈರ್ಯ ನನಗಾಗಲಿಲ್ಲ.

ಕಾಕಾ ಕೆಲಸ ಬಿಡಲೊಪ್ಪಲಿಲ್ಲ. ಬಿಟ್ಟು ಏನು ಮಾಡಬೇಕು? ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಗ್ಗದ ಹೊಡೆತ ತಪ್ಪಿ ಲಾಳಿ ಹಾರಿತು. ನೇಕಾರನ ತಲೆಯ ಪಕ್ಕದಿಂದ ಹೋಗಿ ಗೋಡೆಗೆ ಬಡಿಯಿತು. ಅದೇ ಬೆಳಿಗ್ಗೆ ಕಾಕಾ ಆ ಮಗ್ಗವನ್ನು ಆಲಿಸಿ, ಸರಿ ಇದೆ ಎಂದಿದ್ದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಕಾಕಾ ಅಲ್ಲಿಂದ ನೇರ ನನ್ನ ಗಂಡನ ಹತ್ತಿರ ಬಂದು, "ಬ್ಯಾರೆ ಜಾಬರ್ ನೋಡ್ರಿ ಶೇಠ್. ನನಗಿನ್ನ ಕೇಳಸಂಗಿಲ್ಲ," ಎಂದರು. ತಡೆದರೂ ನಿಲ್ಲಲಿಲ್ಲ. ಸ್ಕ್ರೂಡ್ರೈವರು ಮೊದಲಾದ ಹತಾರಗಳನ್ನು ಒಂದೊಂದಾಗಿ ಒರೆಸಿ ಕಟ್ಟೆಯ ಮೇಲೆ ಜೋಡಿಸಿಟ್ಟು ಹೋದರು.

ಅಲ್ಲಿಂದ ಅವರು ಬಹಳ ದಿನ ಬಾಳಲಿಲ್ಲ. ಹತ್ತಿಯ ಧೂಳು ತುಂಬಿದ ಎದೆ, ಅದೇ ನೆಪವಾಯಿತು. ನಾವು ಶೆಡ್ಡಿನಲ್ಲಿ ಕಿವಿಗೆ ಹಾಕುವ ಬಿರಡೆಗಳನ್ನು ತಂದಿಟ್ಟೆವು. ಅವು ಹಾಗೇ ಬಿದ್ದಿವೆ. ಹಾಕಿಕೊಂಡರೆ ಮಗ್ಗದ ತಪ್ಪು ಕೇಳಿಸುವುದಿಲ್ಲ ಎನ್ನುತ್ತಾರೆ ನೇಕಾರರು.

ಕೊನೆಯ ಸಲ ನೋಡಲು ಹೋದಾಗ ಹಾಸಿಗೆಯ ಮೇಲೆ ಒರಗಿ ಕೂತಿದ್ದರು. ಆಗ ಅವರಿಗೆ ಹೇಳಬೇಕಾದದ್ದನ್ನೆಲ್ಲ ಬರೆದು ತೋರಿಸಬೇಕಾಗಿತ್ತು. ಅವರ ಹೆಂಡತಿ ಒಂದು ವಹಿ, ಪೆನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಊಟ ಆಯ್ತಾ ಎಂದು ಬರೆದೆ. ಆಗೇತ್ರಿ ಎಂದರು. ಔಷಧ ತಗೊಂಡ್ರಾ ಎಂದು ಬರೆದೆ. ಅದಕ್ಕೂ ಹೌದೆಂದರು. ಆಮೇಲೆ ನಾನು ವಹಿಯ ಮೇಲೆ ತಲೆ ಬಗ್ಗಿಸಿ, ನನ್ನ ತುಟಿ ಅವರಿಗೆ ಕಾಣದಂತೆ, ಬಾಯಿಬಿಟ್ಟು ಹೇಳಿದೆ. "ಕಾಕಾ, ಡಬ್ಬಿಯೊಳಗ ಸೀಟಿ ಇಲ್ಲಂತ ನಾ ಅಳದು ನೋಡಿದ್ದೆ. ಹಂಗಾದ್ರ ಅದು ನಿಮ್ಮ ಕಿವಿಯೊಳಗ ಇರಬೇಕು ಅನ್ನೂದು ನನಗ ತಿಳೀಬೇಕಿತ್ತು. ನಾ ನಿಮ್ಮನ್ನ ಕೇಳಲಿಲ್ಲ. ಮ್ಯಾಲ ನಕ್ಕೆ. ತಪ್ಪಾತ್ರಿ."

ತಲೆ ಎತ್ತಿದೆ. ನಾನು ಏನೋ ಮಾತಾಡಿದೆನೆಂದು ಅವರಿಗೆ ಹೇಗೋ ಗೊತ್ತಾಗಿತ್ತು. ನನ್ನನ್ನು ನೋಡಿ ನಕ್ಕು, ಕಿವುಡರೆಲ್ಲ ಅನ್ನುವಂತೆ, "ಹೌದ್ರಿ ವೈನಿ, ಹೌದ್ರಿ," ಎಂದರು.

ವಹಿ ನನ್ನ ತೊಡೆಯ ಮೇಲಿತ್ತು. ಪೆನ್ನು ಕೈಯಲ್ಲೇ ಇತ್ತು. ಆ ಮಾತನ್ನು ಬರೆಯಲಿಲ್ಲ.