ಕ್ಲಚ್ಚಿನ ಮೇಲಿದ್ದ ಕಾಲು

ನಮ್ಮ ಮನೆಯ ಕಾರಿನ ಕ್ಲಚ್ಚು ಸುಟ್ಟದ್ದು ನಾನು. ನನ್ನ ಓರಗಿತ್ತಿ ಸುಮಾ ಅಲ್ಲ. ಏಳೆಂಟು ವರ್ಷದಿಂದ ಮನೆಮಂದಿಯೆಲ್ಲ ಅವಳೇ ಸುಟ್ಟಳೆಂದು ನಂಬಿದ್ದರು, ಪಾಪ, ಅವಳೂ ನಂಬಿದ್ದಳು — ನಂಬಿಸಿದವಳು ನಾನು. ಇದನ್ನು ಕೇಳಿ ಯಾರಾದರೂ ನಗಬಹುದು. ಒಂದು ಕ್ಲಚ್ ಪ್ಲೇಟು, ಅದೇನು ಕೊಲೆಯೇ ಎನ್ನಬಹುದು. ನಾನೂ ನನಗೆ ಹಾಗೇ ಹೇಳಿಕೊಂಡು ಬಂದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಲ್ಲ, ಹಾಗೆ ಇಷ್ಟು ವರ್ಷ ಕುಡಿದೆ.

ನಮ್ಮದು ಕಾಡುಗೋಡಿ. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಮಾವ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದಾರೆ. ಕೆಳಗೆ ನಾವು, ಮೇಲೆಲ್ಲ ಕಂಪನಿ ಹುಡುಗರು. ಅಣ್ಣತಮ್ಮಂದಿರ ಎರಡು ಸಂಸಾರ, ಅಡುಗೆಮನೆ ಒಂದೇ. ನಾನು ದೊಡ್ಡ ಸೊಸೆ, ಸುಮಾ ಚಿಕ್ಕವಳು. ಕಾರೂ ಒಂದೇ — ಗೇರು ಹಾಕಿ ಓಡಿಸುವ ಬಿಳಿ ಕಾರು, ನಮ್ಮ ಮನೆಗೆ ಬಂದ ಮೊದಲ ಕಾರು. ಅದರ ಬೀಗದಕೈ ದೇವರ ಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು. ಯಾರು ತೆಗೆದುಕೊಳ್ಳಬಹುದು, ಯಾರು ಮುಟ್ಟಬಾರದು ಎಂಬುದು ಮಾವನ ಮಾತು.

ಮಾವನದು ಇನ್ನೊಂದು ಕಟ್ಟಳೆ ಇತ್ತು. ಕಾರು ಬಂದ ದಿನ ಪೂಜೆ ಮುಗಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಲಕ್ಷ್ಮಿ ಬಂದವ್ಳೆ ಮನೆಗೆ, ಮೆಟ್ಟು ಆಚೆ ಬಿಟ್ಟು ಅತ್ರಿ ಎಂದುಬಿಟ್ಟರು. ಅಂದಿನಿಂದ ಆ ಕಾರನ್ನು ಎಲ್ಲರೂ ಬರಿಗಾಲಲ್ಲೇ ಓಡಿಸುವುದು. ಗಂಡಸರಿಗೆ ಏನೂ ಆಗಲಿಲ್ಲ. ನನ್ನ ಕಾಲಲ್ಲಿ ಕಾಲುಂಗುರ — ನಮ್ಮಮ್ಮ ಮಾಡಿಸಿಕೊಟ್ಟ ದಪ್ಪದ್ದು, ಸುತ್ತು ಸುತ್ತು. ಎಡಗಾಲಿನಿಂದ ಕ್ಲಚ್ ಪೆಡಲನ್ನು ಒತ್ತಿದಾಗಲೆಲ್ಲ ಅದು ಬೆರಳಿಗೆ ಕಚ್ಚುತ್ತಿತ್ತು. ಕಾಲು ಎತ್ತಿ ಮತ್ತೆ ಇಟ್ಟರೆ ತಾನೆ ನೋವು? ಎತ್ತದಿದ್ದರಾಯಿತು! ಹೀಗೆ ನಾನು ಒಂದು ಉಪಾಯ ಕಂಡುಕೊಂಡೆ. ಗೇರು ಬದಲಾಯಿಸಿದ ಮೇಲೂ ಎಡಗಾಲನ್ನು ಪೆಡಲಿನ ಮೇಲೆಯೇ ಮಲಗಿಸಿ ಬಿಡುತ್ತಿದ್ದೆ, ಹಾಯಾಗಿ, ದಿಂಬಿನ ಮೇಲೆ ಇಟ್ಟಂತೆ. ಹಾಗೆ ಕಾಲು ಊರಿದ್ದರೆ ಒಳಗೆ ಪ್ಲೇಟು ಸರಿಯಾಗಿ ಕೂರದೆ ಉಜ್ಜಿಕೊಳ್ಳುತ್ತಲೇ ಇರುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರೆ ಕೇಳುತ್ತಿದ್ದೆನೆಂದೂ ಅಲ್ಲ. ನಮ್ಮ ಬೀದಿಯಲ್ಲಿ ಕಾರು ಕಲಿತ ಮೊದಲ ಸೊಸೆ ನಾನು. ಮಾವ ಬಂದವರಿಗೆಲ್ಲ ಅದನ್ನು ಹೇಳುತ್ತಿದ್ದರು, ನಾನು ಒಳಗೆ ಕಾಫಿ ಸೋಸುತ್ತ ಕೇಳಿಸಿಕೊಳ್ಳುತ್ತಿದ್ದೆ.

ಆಮೇಲೆ ಸುಮಾ ಕಲಿಯಲು ಹೊರಟಳು. ಅವಳ ತವರು ಸರ್ಜಾಪುರದ ಆಚೆಯ ಹಳ್ಳಿ. ದೂರವೇನಲ್ಲ, ಆದರೆ ಬಸ್ಸು ಬದಲಾಯಿಸಿ ಹೋಗುವಷ್ಟರಲ್ಲಿ ಅರ್ಧ ದಿನ ಮುಗಿಯುತ್ತದೆ. ಅವಳ ಗಂಡನಿಗೆ ಬಿಡುವಿಲ್ಲ. ಅಮ್ಮನನ್ನು ನೋಡಬೇಕು ಅನ್ನಿಸಿದಾಗ ಯಾರನ್ನೂ ಕೇಳದೆ ಹೋಗಿ ಬಂದುಬಿಡಬೇಕು ಕಣಕ್ಕ, ಅಷ್ಟೇ ನನ್ನಾಸೆ ಎಂದಿದ್ದಳು. ಡ್ರೈವಿಂಗ್ ಸ್ಕೂಲಿಗೆ ಸೇರಿದಳು, ಸಂಜೆ ನಮ್ಮ ಕಾರಿನಲ್ಲಿ ರೂಢಿ ಮಾಡುತ್ತಿದ್ದಳು, ಪಕ್ಕದಲ್ಲಿ ನಾನು. ಅವಳಿಗೂ ಕಾಲುಂಗುರ ಕಚ್ಚುತ್ತಿತ್ತು. ಅವಳು ಗಂಡನ ಕಾಲುಚೀಲ ಹಾಕಿಕೊಂಡು ಕೂತಳು! ಸೀರೆಯ ಕೆಳಗೆ ಗಂಡಸಿನ ಕರಿ ಕಾಲುಚೀಲ — ನಾನು ನಕ್ಕು ನಕ್ಕು ಸುಸ್ತಾದೆ. ಚಪ್ಪಲಿ ತಾನೆ ಬೇಡ ಅಂದಿದ್ದು ಮಾವ ಎಂದಳು. ಗೇರು ಹಾಕಿದ ತಕ್ಷಣ ಅವಳ ಎಡಗಾಲು ಪೆಡಲಿನಿಂದ ಇಳಿದು ಪಕ್ಕದಲ್ಲಿ ಕೂತಿರುತ್ತಿತ್ತು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ.

ವಾಸನೆ ಶುರುವಾದದ್ದು ಆ ದಿನಗಳಲ್ಲೇ. ಒಲೆಯ ಮೇಲೆ ಮರೆತ ಕೈಬಟ್ಟೆ ಕರಕಲಾದ ಹಾಗೆ ಒಂದು ಕಮಟು ವಾಸನೆ. ಮೊದಮೊದಲು ಯಾರೂ ಕಾರನ್ನು ಅನುಮಾನಿಸಲೇ ಇಲ್ಲ. ನಮ್ಮ ಕಡೆ ಖಾಲಿ ಸೈಟುಗಳಲ್ಲಿ ದಿನಬೆಳಗಾದರೆ ಯಾರಾದರೂ ಕಸಕ್ಕೆ ಬೆಂಕಿ ಇಟ್ಟಿರುತ್ತಾರೆ, ಸುಟ್ಟ ವಾಸನೆ ನಮಗೆ ಹೊಸತಲ್ಲ. ಕಿಟಕಿ ಏರಿಸಿಕೊಂಡರೆ ಆಯಿತು. ಕಿಟಕಿ ಏರಿಸಿದ ಮೇಲೆ ಇನ್ನೂ ಜೋರಾಯಿತು, ಆಗ ಎಚ್ಚರಾಯಿತು. ಮೈದುನ ಬಾನೆಟ್ ಎತ್ತಿ ಇಲಿ ಏನಾದರೂ ಸತ್ತಿದೆಯೇ ಎಂದು ಹುಡುಕಿದ. ಮೇಲಿನ ಮನೆಯ ಹುಡುಗನೊಬ್ಬ ವೈರು ಎಂದ. ನಮ್ಮೆಜಮಾನರು ಸೈಲೆನ್ಸರಿಗೆ ಪ್ಲಾಸ್ಟಿಕ್ ಕವರು ಅಂಟಿರಬೇಕೆಂದು ಪಂಚೆ ಎತ್ತಿಕಟ್ಟಿ ಕಾರಿನಡಿ ತೂರಿ, ಮೈಯೆಲ್ಲ ಮಣ್ಣಾಗಿ ಬರಿಗೈಲಿ ಹೊರಬಂದರು. ಕೊನೆಗೆ ನಮ್ಮತ್ತೆ ದೃಷ್ಟಿ ಎಂದರು. ಒಣಮೆಣಸಿನಕಾಯಿ, ಕಲ್ಲುಪ್ಪು ಹಿಡಿದು ಕಾರಿಗೆ ಸುತ್ತು ಹಾಕಿ ಕೆಂಡಕ್ಕೆ ಸುರಿದರು. ಮೆಣಸಿನಕಾಯಿ ಘಾಟು ಬರಲಿಲ್ಲ. ಘಾಟು ಬರಲಿಲ್ಲ ಎಂದರೆ ದೃಷ್ಟಿ ಬಲವಾಗಿದೆ ಎಂದರ್ಥ! ಬರಬಾರದ ವಾಸನೆ ಬರುತ್ತಿದೆ, ಬರಬೇಕಾದದ್ದು ಬರುತ್ತಿಲ್ಲ ಎಂದು ನಾನೂ ಸುಮಾಳೂ ಸೆರಗು ಕಚ್ಚಿಕೊಂಡು ನಕ್ಕೆವು.

ನನಗೆ ನಿಜ ತಿಳಿದದ್ದು ರೈಲ್ವೆ ಮೇಲ್ಸೇತುವೆಯ ಮೇಲೆ. ಆ ವಾರ ಸುಮಾ ಜ್ವರ ಬಂದು ಮಲಗಿದ್ದಳು, ಕಾರು ಮುಟ್ಟಿರಲಿಲ್ಲ. ಬೆಳಗ್ಗೆ, ಕಂಪನಿ ಬಸ್ಸುಗಳ ಹೊತ್ತು. ಏರಿನಲ್ಲಿ ವಾಹನಗಳು ತೆವಳುತ್ತಿದ್ದವು. ನಾನು ಹ್ಯಾಂಡ್ ಬ್ರೇಕು ಎಳೆಯದೆ ಅರ್ಧ ಕ್ಲಚ್ಚಿನಲ್ಲೇ ಕಾರನ್ನು ಹಿಡಿದು ನಿಂತಿದ್ದೆ. ವಾಸನೆ ಬಂತು. ಆಕ್ಸಿಲರೇಟರ್ ತುಳಿದರೆ ಇಂಜಿನ್ನು ಅಬ್ಬರಿಸುತ್ತಿದೆ, ಕಾರು ಮಾತ್ರ ಮುದುಕಿಯ ಹಾಗೆ ಏದುಸಿರು ಬಿಡುತ್ತಿದೆ. ಬೆರಳು ನೋಯಿತೆಂದು ಬ್ರೇಕು ಎಳೆದು, ಗೇರು ತೆಗೆದು ಕಾಲು ಕೆಳಗಿಟ್ಟೆ. ನಿಂತಿದ್ದಷ್ಟು ಹೊತ್ತು ವಾಸನೆ ಇಳಿಯುತ್ತ ಬಂತು. ಮತ್ತೆ ಏರಿನಲ್ಲಿ ಕಾಲು ಮಲಗಿಸಿದೆ — ಬಂತು. ಇನ್ನೊಮ್ಮೆ ಮಾಡಿ ನೋಡಿದೆ. ಹಿಂದಿನವನು ಹಾರ್ನು ಹೊಡೆಯುತ್ತಿದ್ದ.  ಸುಮಾ ಮನೆಯಲ್ಲಿ ಹೊದ್ದು ಮಲಗಿದ್ದಾಳೆ, ಇಲ್ಲಿ ಸುಡುತ್ತಿರುವುದು ನನ್ನ ಕಾಲು.

ಮನೆಗೆ ಬಂದು ಹೇಳಬಹುದಿತ್ತು. ಹೇಳಬೇಕೆಂದೇ ಬಂದೆ ಅಂತ ಇಲ್ಲಿ ಬರೆದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳು. ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಇದು ತಾನಾಗಿ ಸರಿಹೋದರೆ ಸಾಕು ಎಂದು ಮಾತ್ರ. ತಾನಾಗಿ ಸರಿಹೋಗುವುದು ನೆಗಡಿ, ಕ್ಲಚ್ಚಲ್ಲ. ಕೆಲವೇ ದಿನದಲ್ಲಿ ಕಾರು ಏರು ಹತ್ತುವುದನ್ನೇ ಬಿಟ್ಟಿತು, ನಮ್ಮೆಜಮಾನರು ಗ್ಯಾರೇಜಿಗೆ ಒಯ್ದರು. ಸಂಜೆ ಬಂದು ವರದಿ ಒಪ್ಪಿಸಿದರು: ಕ್ಲಚ್ ಪ್ಲೇಟು ಕರಕಲಾಗಿದೆಯಂತೆ, ಯಾರೋ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತಾರಂತೆ, ಹೊಸದಾಗಿ ಕಲಿಯುವವರು ಹಾಗೇ ಮಾಡುವುದಂತೆ.

ಹೊಸದಾಗಿ ಕಲಿಯುವವರು! ಇನ್ನು ಹೇಳುವುದೇನು? ಅತ್ತೆ, ಮಾವ, ಮೈದುನ, ಎಲ್ಲರ ಕಣ್ಣೂ ಸುಮಾಳ ಮೇಲೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನಾನು ಮುಟ್ಟಿಕೊಳ್ಳಲಿಲ್ಲ, ಅಷ್ಟು ಗಟ್ಟಿಗಿತ್ತಿ. ಸುಮಾ ಕದ್ದವಳಲ್ಲ, ಅದಕ್ಕೇ ಮುಟ್ಟಿಕೊಂಡಳು. ಗಾಬರಿಯಿಂದ ನನ್ನ ಕಡೆ ತಿರುಗಿದಳು. ಅವಳು ಓಡಿಸುವಾಗ ಪಕ್ಕದಲ್ಲಿರುತ್ತಿದ್ದವಳು ನಾನೊಬ್ಬಳೇ.

“ಅಕ್ಕಾ, ನಾನು ಕಾಲಿಟ್ಟುಕೊಂಡೇ ಇರ್ತಿದ್ನಾ? ನೀನು ನೋಡಿದ್ಯಲ್ಲ.”

“ಇರಬೌದು ಕಣೇ,” ಎಂದೆ. “ಹೊಸಬರಿಗೆ ಗೊತ್ತಾಗಲ್ಲ.”

ಅಷ್ಟೇ ಮಾತು. ಎಷ್ಟು ಮೃದುವಾಗಿ ಹೇಳಿದೆನೆಂದರೆ, ನಾನು ಅವಳ ಪರ ವಹಿಸುತ್ತಿದ್ದೇನೆ ಎಂದೇ ಎಲ್ಲರಿಗೂ ಅನ್ನಿಸಿತು. ಅವಳಿಗೂ. ಮಾವ ಬೈಯಲಿಲ್ಲ. ಸದ್ಯಕ್ಕೆ ಬ್ಯಾಡ ಬುಡವ್ವ, ನಿಧಾನಕ್ಕೆ ಕಲಿಯೀವಂತೆ ಎಂದರು. ಆ ನಿಧಾನ ಬರಲೇ ಇಲ್ಲ. ಹೊಸ ಪ್ಲೇಟು ಹಾಕಿಸಿ ತಂದ ಮೇಲೆ ನಾನು ಬೆರಳು ನೊಂದರೂ ಕಾಲು ಎತ್ತುವುದನ್ನು ರೂಢಿಸಿಕೊಂಡೆ. ಆಮೇಲೆ, ಬಿಸಿಲಿಗೆ ಪಾದ ಸುಡುತ್ತದೆ ಎಂಬ ನೆಪ ಹೇಳಿ ಕಾಲುಚೀಲವನ್ನೂ ಹಾಕಿಕೊಂಡೆ. ಸುಮಾ ಓಡಿಸುವುದು ನಿಂತಿತು, ವಾಸನೆಯೂ ನಿಂತಿತು. ಇದಕ್ಕಿಂತ ಬೇರೆ ಸಾಕ್ಷಿ ಯಾರಿಗೆ ಬೇಕು?

ಅಲ್ಲಿಂದ ಮುಂದೆ ಅವಳನ್ನು ತವರಿಗೆ ಕರೆದೊಯ್ಯುವ ಕೆಲಸ ನನ್ನದಾಯಿತು. ಇದನ್ನು ಹೇಗೆ ಹೇಳಲಿ — ಆ ಪ್ರಯಾಣಗಳು ನನ್ನ ಬದುಕಿನ ಅತಿ ಸುಖದ ಹೊತ್ತು. ವರ್ತೂರು ದಾಟಿದ ಮೇಲೆ ಇಬ್ಬರಿಗೂ ನಾಲಗೆ ಸಡಿಲ. ಅತ್ತೆಯ ಮೇಲಿನ ದೂರು, ಬಾಡಿಗೆಯವರ ಕಥೆ, ಮಕ್ಕಳ ತಂಟೆ. ಬರುವಾಗ ಅವಳಮ್ಮ ಕೊಟ್ಟ ಅವರೆಕಾಯಿಯನ್ನು ಮಡಿಲಲ್ಲಿ ಹಾಕಿಕೊಂಡು ಸುಲಿಯುತ್ತ ಕೂರುತ್ತಿದ್ದಳು, ಕಾರೆಲ್ಲ ಸೊಗಡಿನ ಘಮ. ನಾನು ಸುಖವಾಗಿದ್ದೆ, ಸುಳ್ಳು ಹೇಳಲಾರೆ. ಮನೆ ಮುಟ್ಟಿದಾಗ ಪ್ರತಿಸಲವೂ ಅವಳು ನೀನಿಲ್ಲದಿದ್ರೆ ನನ್ ಗತಿ ಏನಕ್ಕ ಎನ್ನುತ್ತಿದ್ದಳು. ಆ ಮಾತು ಬಂದೊಡನೆ ನಾನು ಇಳಿದು ಗೇಟು ತೆಗೆಯಲು ಹೋಗುತ್ತಿದ್ದೆ. ಒಮ್ಮೆ ಅವಳಮ್ಮ ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡರು. ಆ ದಿನ ಸುಮಾ ಒಬ್ಬಳನ್ನು ಬಿಟ್ಟು ನಾವೆಲ್ಲ ಮದುವೆಯೊಂದಕ್ಕೆ ವ್ಯಾನಿನಲ್ಲಿ ಹೋಗಿದ್ದೆವು, ಕಾರು ಅಂಗಳದಲ್ಲೇ ನಿಂತಿತ್ತು. ಸುಮಾ ಅದರ ಪಕ್ಕದಲ್ಲೇ ಹಾದು ಬಸ್ ಸ್ಟಾಪಿಗೆ ಹೋದಳು. ಆಸ್ಪತ್ರೆಯಲ್ಲಿ ಅಮ್ಮನ ಕೈಗೆ ಪಟ್ಟಿ ಕಟ್ಟಿ ಮುಗಿಯುವವರೆಗೂ ಅವಳಿಗೆ ತಲುಪಲಾಗಲಿಲ್ಲ. ಬಂದು ಅದನ್ನು ನನಗೆ ಹೇಳಿದ್ದು ದೂರಾಗಿ ಅಲ್ಲ, ಸುಮ್ಮನೆ ಸುದ್ದಿಯಾಗಿ. ಆಗಲೂ ನಾನು ಬಾಯಿ ಬಿಡಲಿಲ್ಲ.

ಈ ವರ್ಷ ಮಾವ ಹೊಸ ಕಾರು ತೆಗೆದುಕೊಳ್ಳುವ ಮಾತೆತ್ತಿದರು. ಗೇರೂ ಇಲ್ಲ, ಕ್ಲಚ್ಚೂ ಇಲ್ಲ, ತಾನೇ ಓಯ್ತದಂತೆ ಎಂದು ಹೇಳಿ, ಸುಮಾಳ ಕಡೆ ನೋಡಿ, “ಇನ್ನು ನೀನೂ ಓಡ್ಸ್‌ಬೌದು ಕಣವ್ವ, ಸುಡಾಕೆ ಏನೂ ಇಲ್ಲ” ಎಂದು ನಕ್ಕರು. ಎಲ್ಲರೂ ನಕ್ಕೆವು. ಅವಳೂ ನಕ್ಕಳು.

“ಅಯ್ಯೋ ಬೇಡ ಮಾವ. ನನ್ ಕಾಲಿಗೆ ಅದೆಲ್ಲ ಬರಲ್ಲ, ಅದನ್ನೂ ಸುಟ್ಟುಬಿಡ್ತೀನಿ.”

ತಮಾಷೆಗೆ ಹೇಳಿದ್ದಲ್ಲ ಅದು. ನಿಜವೆಂದೇ ಹೇಳಿದಳು — ತನ್ನ ಬಣ್ಣ ಕಪ್ಪು, ತನ್ನ ಕೂದಲು ಗುಂಗುರು ಎಂದು ಹೇಳುವಷ್ಟು ಸಲೀಸಾಗಿ. ಕಾರಿನ ಪ್ಲೇಟು ಬದಲಾಯಿಸಿ ಎಷ್ಟೋ ವರ್ಷವಾಯಿತು. ಇವಳೊಳಗೆ ನಾನು ಸುಟ್ಟದ್ದು ಹಾಗೇ ಇತ್ತು. ಎಷ್ಟು ನಾಚಿಕೆಯಾಯಿತೆಂದರೆ ಎದ್ದು ಹಿತ್ತಲಿಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಆ ವಾರವೇ ಅವಳನ್ನು ತವರಿಗೆ ಕರೆದೊಯ್ಯುವಾಗ, ದೊಮ್ಮಸಂದ್ರ ದಾಟಿ ಎಳನೀರಿನ ಗಾಡಿಯ ಹತ್ತಿರ ಕಾರು ನಿಲ್ಲಿಸಿದೆ. ಇಬ್ಬರೂ ಎಳನೀರು ಕುಡಿದೆವು. ಕಾರಿಗೆ ಹತ್ತಿದ ಮೇಲೆ ಹೇಳಿದೆ. ಮೇಲ್ಸೇತುವೆ, ಅವಳ ಜ್ವರ, ನನ್ನ ಕಾಲು, ನನಗೆ ಗೊತ್ತಿದ್ದೂ ಆಡಿದ ಮಾತು — ಒಂದನ್ನೂ ಬಿಡಲಿಲ್ಲ. ಅವಳು ಅಳುತ್ತಾಳೆ, ಇಲ್ಲ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿ ಎಂದು ಕಾದೆ. ಅವಳು ಮುಂದಿನ ರಸ್ತೆಯನ್ನೇ ನೋಡುತ್ತ ಒಂದೇ ಒಂದು ಪ್ರಶ್ನೆ ಕೇಳಿದಳು.

“ಹಂಗಾದ್ರೆ ನಾನು ಚೆನ್ನಾಗೇ ಓಡಿಸ್ತಿದ್ನಾ ಅಕ್ಕಾ?”

“ಹೂಂ,” ಎಂದೆ. “ನನಗಿಂತ ಚೆನ್ನಾಗಿ.”

ಕಾರು ಹೊರಡಿಸಿದೆ. ಬರುವಾಗ ಅವರೆಕಾಯಿಯ ಚೀಲ ಹಿಂದಿನ ಸೀಟಿನಲ್ಲಿ ಬಾಯಿ ಕಟ್ಟಿದಂತೆಯೇ ಮನೆಗೆ ಬಂತು.

ಮಾರನೆಯ ಬೆಳಗ್ಗೆ ಎಲ್ಲರೂ ತಿಂಡಿಗೆ ಕೂತಿದ್ದಾಗ, ಅಂದು ಅವಳ ತಲೆಗೆ ಕಟ್ಟಿದ್ದನ್ನು ಅಷ್ಟೇ ಜನರ ಮುಂದೆ ಬಿಚ್ಚಿದೆ. ಅತ್ತೆ ಅಯ್ಯೋ ಶಿವನೇ ಎಂದರು. ನಮ್ಮೆಜಮಾನರು ತಲೆ ತಗ್ಗಿಸಿದರು. ಮೈದುನ ನನ್ನನ್ನೇ ನೋಡಿ, ಹೆಂಡತಿಯ ಪಕ್ಕಕ್ಕೆ ಹೋಗಿ ಕೂತ. ಮಾವ ಮಾತ್ರ, ಅಂಗಾರೆ ಆ ಮಗೀಗೆ ನಾವು ಸುಮ್‌ಸುಮ್ಕೆ ಅಂದ್ವಾ ಎಂದು ತಮಗೆ ತಾವೇ ಕೇಳಿಕೊಂಡರು. ಎದ್ದು ಬೀಗದಕೈ ತಂದು ಸುಮಾಳ ತಟ್ಟೆಯ ಪಕ್ಕದಲ್ಲಿಟ್ಟರು. ಅವಳು ದೋಸೆ ಮುಗಿಸಿ, ಕೈ ತೊಳೆದುಕೊಂಡು ಬಂದು ಅದನ್ನು ತೆಗೆದುಕೊಂಡಳು. ಹೊಸ ಕಾರು ನೀವೇ ಇಟ್ಟುಕೊಳ್ಳಿ, ನನಗೆ ಇದೇ ಸಾಕು ಎಂದಳು.

ಮತ್ತೆ ಡ್ರೈವಿಂಗ್ ಸ್ಕೂಲಿಗೆ ಹೋದಳು, ಲೈಸೆನ್ಸು ಬಂತು. ಸಂಜೆ ಅವಳ ಪಕ್ಕದಲ್ಲಿ ಈಗ ಅವಳ ಗಂಡ ಕೂರುತ್ತಾನೆ. ಬಿಡುವಿಲ್ಲದವನಿಗೆ ಅದೆಲ್ಲಿಂದಲೋ ಬಿಡುವು ಬಂದಿದೆ. ನನ್ನನ್ನು ಇನ್ನೂ ಅಕ್ಕ ಎಂದೇ ಕರೆಯುತ್ತಾಳೆ. ಸಾರಿಗೆ ಉಪ್ಪು ನೋಡು ಎಂದು ಸೌಟು ಚಾಚುತ್ತಾಳೆ. ಅದಕ್ಕಿಂತ ಆಚೆಗೆ ಒಂದು ಮಾತಿಲ್ಲ. ಕ್ಷಮಿಸು ಎಂದು ಮತ್ತೆ ಮತ್ತೆ ಕೇಳಿ ಅವಳನ್ನು ಪೀಡಿಸುವುದಿಲ್ಲ ಎಂದು ನಿಶ್ಚಯಿಸಿದ್ದೇನೆ. ಮನಸ್ಸು ಹಗುರವಾಗಿದೆ ಎಂದರೆ ನಿರ್ಲಜ್ಜೆ ಎನ್ನುತ್ತೀರೇನೋ, ಆದರೆ ಆಗಿರುವುದು ನಿಜ. ಊಟ ರುಚಿಸುತ್ತಿದೆ, ನಿದ್ದೆ ಬರುತ್ತಿದೆ.

ಹೋದ ಭಾನುವಾರ ಅವಳು ತವರಿಗೆ ಹೊರಟಿದ್ದಾಳೆಂದು ಅತ್ತೆಯಿಂದ ತಿಳಿಯಿತು. ಒಂದು ವೇಳೆ ಬಾ ಎಂದರೆ — ಎಂದುಕೊಂಡು ನಾನು ಬೆಳಗ್ಗೆಯೇ ಒಳ್ಳೆಯ ಸೀರೆ ಉಟ್ಟು, ಬಟ್ಟೆ ಹರವುವ ನೆಪದಲ್ಲಿ ತಾರಸಿಯ ಮೇಲಿದ್ದೆ. ಅವಳು ಒಬ್ಬಳೇ ಬಂದಳು, ಚಪ್ಪಲಿಯನ್ನು ಆಚೆ ಬಿಟ್ಟು ಕೂತಳು. ಇಕ್ಕಟ್ಟಿನ ಗೇಟಿನಿಂದ ಕಾರನ್ನು ಹಿಂದಕ್ಕೆ ತೆಗೆದು, ಒಂದೇ ಸಲಕ್ಕೆ ತಿರುಗಿಸಿದಳು. ಪಕ್ಕದ ಸೀಟು ಖಾಲಿಯಿತ್ತು. ಅವಳು ಮೇಲೆ ನೋಡಲಿಲ್ಲ. ಕಾರು ಬೀದಿಯ ಕೊನೆಯಲ್ಲಿ ಮರೆಯಾಗುವ ತನಕ ನಿಂತಿದ್ದು, ಕೆಳಗಿಳಿದು, ಅದೇ ಸೀರೆಯಲ್ಲಿ ಸಾರಿಗೆ ಬೇಳೆ ಇಟ್ಟೆ.