ಒಂದೇ ಚಾಪೆಯ ಗುಲ್ಕಂದ

ಇವತ್ತು ಬೆಳಗ್ಗೆ ಗುಲ್ಕಂದದ ಬರಣಿ ತೆಗೆದೆ ನೋಡಿ, ಸದಾಶಿವನಗರದ ನನ್ನ ಪುಟ್ಟ ಡೈನಿಂಗ್ ರೂಮಿಗೆ ಖಾನಾಪುರದ ವೈದ್ಯರ ಪಡಸಾಲೆಯೇ ಬಂದು ಕೂತಿತು. ಗುಲಾಬಿ, ಏಲಕ್ಕಿ, ಅವುಗಳ ಹಿಂದೆ ಒಂದಿಷ್ಟು ಹಳೆಯ ಭಯ.

ಕೆಲವು ವರ್ಷಗಳ ಹಿಂದೆ ನನ್ನ ಅಣ್ಣನ ಮಗಳು ರೂಪಾ ಖಾನಾಪುರದಿಂದ ಬಂದವಳೇ ನನ್ನನ್ನೂ ಒಳಗೆಳೆದು ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಹೆಸರು ಬದಲಿಸಿದ್ದೇನೆ, “ಇದನ್ನ ಬರೀರಿ ಅತ್ತಿ, ಯಾರಿಗರೆ ಉಪಯೋಗ ಆದೀತು” ಎಂದದ್ದು ಅವಳೇ. ಮೈತುಂಬ ಕೆಂಪು ಕಲೆ. ನಮ್ಮೂರಿನ ಅನಗೋಳದ ಲೇಡಿ ಡಾಕ್ಟರ್, ಎಲ್ಲರೂ ‘ಡಾಕ್ಟರ್ ಬಾಯಿ’ ಅನ್ನುವವರು, ರಕ್ತ ಪರೀಕ್ಷೆ ಮಾಡಿಸಿ ಸಿಫಿಲಿಸ್ ಅಂದಿದ್ದರು. ಗಂಡನಿಂದ ಬಂದದ್ದು. ನಾನೋ ಕಾನ್ವೆಂಟಿನವಳು, ಮಾರಲ್ ಸೈನ್ಸಿನಲ್ಲಿ ಫಸ್ಟ್ ಪ್ರೈಜ್. ಆ ಶಬ್ದ ಬಾಯಿಂದ ಹೊರಡಲೇ ಇಲ್ಲ. “ದ್ಯಾಟ್ ಥಿಂಗ್” ಅಂದೆ.

ರೂಪಾ ಅಳುತ್ತಲೇ ನಕ್ಕಳು. “ಥಿಂಗ್ ಅಲ್ಲತ್ತಿ, ರೋಗ ಅದು.”

ಇಂಜೆಕ್ಷನ್‌ನಿಂದ ಗುಣವಾಗುತ್ತದೆ, ಆದರೆ ಗಂಡನೂ ಮಾಡಿಸಿಕೊಳ್ಳಬೇಕು, ಇಲ್ಲವಾದರೆ ಮತ್ತೆ ತಗಲಬಹುದು ಎಂದಿದ್ದರು ಡಾಕ್ಟರ್. ಹಾಗೇ ಬಿಟ್ಟರೆ ಮುಂದೆ ಹೊಟ್ಟೆಯ ಕೂಸಿಗೂ ಅಪಾಯ. ರೂಪಾಳಿಗೆ ಬೇಕಾಗಿದ್ದದ್ದೇ ಆ ಕೂಸು. ಗಂಡ ವಿನಾಯಕ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

“ನಂಗೇನಾಗೈತ್ರಿ? ಉಷ್ಣದ ಹುಣ್ಣು, ಮನ್ಯಾಗಿನ ಕಷಾಯಕ್ಕ ಹೋತು. ಬೇಕಾರ ನಮ್ಮ ವೈದ್ಯರ ಕಡೆ ಹೋಗೂಣು.”

ಹುಣ್ಣು ತಾನಾಗಿಯೇ ಮಾಯುತ್ತದೆ, ರೋಗ ಒಳಗೇ ಉಳಿಯುತ್ತದೆ ಎಂಬುದನ್ನು ನಾನು ಫೋನಿನಲ್ಲಿ ಇಂಗ್ಲಿಷ್ ಬೆರೆಸಿ ವಿವರಿಸಿದೆ. ಆ ಇಂಗ್ಲಿಷಿಗೇ ಅವನ ಕಿವಿ ಇನ್ನಷ್ಟು ಮುಚ್ಚಿರಬೇಕು.

ವೈದ್ಯರ ಮನೆಗೆ ನಾನೂ ಹೋದೆ, ಜಗಳಕ್ಕೆ ಸಿದ್ಧಳಾಗಿ. ಅಲ್ಲೊಂದು ರೂಢಿ: ಪಥ್ಯ ಹಿಡಿಯುವ ದಿನ ಗಂಡ ಹೆಂಡತಿ ಒಂದೇ ಚಾಪೆಯ ಮೇಲೆ ಕೂತು ಮೊದಲ ಚಮಚ ತಗೋಬೇಕು. ವೈದ್ಯರು ರಿಪೋರ್ಟ್ ಓದಿದರು. ಗುಲ್ಕಂದದ ಬರಣಿ ತಂದಿಟ್ಟು ಮುಚ್ಚಳದ ಮೇಲೆ ಕೈ ಊರಿದರು.

“ವಿನ್ಯಾ, ಇದು ಬಾಯಿರುಚಿಗೆ, ನಿದ್ದಿಗೆ. ಈ ಬ್ಯಾನಿ ಹೋಗೂದು ಸೂಜಿಗೇ. ಇಬ್ಬರೂ ಮಾಡಿಸ್ಕೊಂಡು ಬರ್ರಿ, ಚಾಪಿ ಹಾಸ್ತೀನಿ.”

“ನಂಗ ಏನೂ...”

“ಹಂಗಾರ ಆಕಿಗೂ ನನ್ನ ಪಥ್ಯ ಇಲ್ಲ. ಹೆಂಡ್ತಿಗಷ್ಟ ಪಥ್ಯ ಹಿಡಿಸಿದ್ದು ಈ ಮನ್ಯಾಗ ಯಾವಾಗರೆ ಕಂಡೀಯೇನು?”

ವಿನಾಯಕನ ತಂದೆ ತಾಯಿಯೂ ಒಂದು ಕಾಲಕ್ಕೆ ಅದೇ ಚಾಪೆಯ ಮೇಲೆ ಜೊತೆಗೆ ಕೂತು ಪಥ್ಯ ಹಿಡಿದವರು. ಸುತ್ತಿ ಗೋಡೆಗೆ ಒರಗಿಸಿಟ್ಟ ಚಾಪೆಯನ್ನೇ ಅವನು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಮುಖ ನೋಡದೆ, “ಡಾಕ್ಟರ್ ಬಾಯಿ ಎಷ್ಟೊತ್ತಿಗೆ ಸಿಗ್ತಾರ್ರಿ ಅತ್ತಿ?” ಅಂದ.

ಇಂಜೆಕ್ಷನ್ ಆದ ಸಂಜೆ ಇಬ್ಬರೂ ಸೂಜಿ ಚುಚ್ಚಿದ ನೋವಿಗೆ ಕುಂಟುತ್ತ ಬಂದು ನನ್ನ ಸೋಫಾದಲ್ಲಿ ಒಂದೇ ಬದಿಗೆ ವಾಲಿ ಕೂತಿದ್ದರು. “ನೋಡ್ರಿ ಅತ್ತಿ, ಈಗ ಜೋಡಿ ಕುಂಟ್ರು,” ಎಂದ ರೂಪಾಳಿಗೆ ನಗು ತಡೆಯಲಾಗಲಿಲ್ಲ. ವೈದ್ಯರು ಏನೇನು ಕೊಡುತ್ತಾರೆಂದು ಡಾಕ್ಟರಿಗೂ ಹೇಳಿ, ಅವರು ಆಗಲಿ ಅಂದ ಮೇಲೇ ಚಾಪೆ ಹಾಸಿದ್ದು. ಮುಂದೆ ಮತ್ತೆ ಮತ್ತೆ ರಕ್ತ ಪರೀಕ್ಷೆ. ಒಂದು ದಿನ ಡಾಕ್ಟರ್ ಬಾಯಿ, “ಇನ್ನ ಕೂಸಿನ ವಿಚಾರ ಮಾಡ್ರಿ” ಅಂದರು. ಅಷ್ಟೂ ಕಾಲ, ವೈದ್ಯರು ನನಗೂ ಕೊಟ್ಟು ಕಳಿಸಿದ್ದ ಗುಲ್ಕಂದದ ಬರಣಿ ನನ್ನ ಮನೆಯಲ್ಲಿ ಅಕ್ಕಿ ಡಬ್ಬದ ಹಿಂದಿತ್ತು. ಯಾರಾದರೂ ಯಾತಕ್ಕೆಂದು ಕೇಳಿದರೆ ಅನ್ನುವ ಹೆದರಿಕೆ.

ಇವತ್ತು ಅದು ನಡು ಟೇಬಲ್ಲಿನ ಮೇಲಿತ್ತು. ಮಧ್ಯಾಹ್ನ ಊಟಕ್ಕೆ ಬಂದ ಮೂವರಲ್ಲಿ ಚಿಕ್ಕವಳು, ರೂಪಾಳ ಮಗಳು, ಮೊದಲು ಬೆರಳದ್ದಿದಳು. “ಅತ್ತಿ, ನಂಗೂ ಒಂದ ಚಮಚಾ,” ಎಂದ ವಿನಾಯಕ, ಅರ್ಧ ತಿಂದು, ಉಳಿದರ್ಧವನ್ನು ರೂಪಾಳ ಮುಂದೆ ಹಿಡಿದ. ಬರಣಿ ಮುಚ್ಚಿ ಮತ್ತೆ ಒಳಗಿಡುವ ಮನಸ್ಸಾಗಲಿಲ್ಲ, ಮುಚ್ಚಳ ನನ್ನ ಕೈಯಲ್ಲೇ ಉಳಿಯಿತು.