ಸಾಲು ಬದಲಿಸಿದ ಮೇಷ್ಟ್ರು

ತಿಪ್ಪೇಸ್ವಾಮಿ ಮೇಷ್ಟ್ರು ಪಾಠದ ನಡುವೆ ಕಿಟಕಿಯಾಚೆ ನೋಡುತ್ತಾ ನಿಂತುಬಿಡುತ್ತಿದ್ದರು. ಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿದ್ದವು. ಚಾಕ್‌ಪೀಸ್ ಹಿಡಿದ ಇವರ ಕೈಯೂ ಗಾಳಿಯಲ್ಲೇ ತೇಲುತ್ತಿತ್ತು. ಇದು ಬೋಧನೆಯೋ ಧ್ಯಾನವೋ ಎಂದು ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನಗೆ ಮೈ ಉರಿಯುತ್ತಿತ್ತು.

ಹಿರಿಯೂರಿನ ನಮ್ಮ ಕಾಲೇಜಿನಲ್ಲಿ ಅವರು ಅತಿಥಿ ಉಪನ್ಯಾಸಕರು. ವರ್ಷವರ್ಷವೂ ಹೊಸದಾಗಿ ನೇಮಕವಾಗಬೇಕು. ಈ ಸಲ ಉಳಿಯುತ್ತಾರೋ ಇಲ್ಲವೋ, ಅವರಿಗೇ ಗೊತ್ತಿರಲಿಲ್ಲ.

ಕಂಪ್ಯೂಟರ್ ಪ್ರೋಗ್ರಾಮಿಂಗ್‌ನ ಲ್ಯಾಂಬ್ಡಾ ಪಾಠದ ದಿನ ನಮ್ಮನ್ನು ಬೇವಿನ ಮರದ ಕೆಳಗೆ ಕರೆದೊಯ್ದರು.

"ನಿಮ್ ನಿಮ್ ಎತ್ತರ ನೋಡ್ಕಂಡು ಸಾಲಾಗಿ ನಿಂತ್ಕಳ್ರಿ."

ನಿಂತೆವು.

"ಈಗ ಮಾರಿಕಣಿವೆ ಡ್ಯಾಮಿಗೆ ಯಾರೂರು ಹತ್ರವೋ ಅವ್ರು ಮುಂದೆ."

ಸಾಲು ಕಲಸಿತು. ದೂರದೂರಿನ ಗೆಳತಿ ಹಿಂದಕ್ಕೆ ಸರಿದಳು.

"ಈಗ ಜಾಸ್ತಿ ಮಾತಾಡೋರು ಮುಂದೆ."

ಎಲ್ಲರೂ ಸೇರಿ ನನ್ನನ್ನು ಮುಂದೆ ತಳ್ಳಿದರು.

"ಸಾಲಾಗಿ ನಿಲ್ಲೋದು ನಿಮಗೆ ಗೊತ್ತೈತೆ. ಏನು ನೋಡಿ ನಿಲ್ಲಬೇಕು ಅನ್ನೋದಷ್ಟೇ ನಾನು ಕೊಟ್ಟಿದ್ದು. ಕಂಪ್ಯೂಟರ್‌ನಾಗೂ ಹಂಗೇ. ಜೋಡಿಸೋ ಫಂಕ್ಷನ್ ಮೊದಲೇ ಐತೆ. ಏನು ನೋಡಿ ಜೋಡಿಸ್ಬೇಕು ಅಂತ ಹೇಳೋ ಒಂದು ಸಾಲಿನ ಪುಟ್ಟ ಫಂಕ್ಷನ್ ಅದರ ಕೈಗೆ ಇಡೋದು, ಅದೇ ಲ್ಯಾಂಬ್ಡಾ. ಹೆಸರೂ ಬ್ಯಾಡ."

"ಹೆಸರಿಲ್ಲದಿದ್ರೆ ತಪ್ಪಾದಾಗ ಯಾರನ್ನ ಹಿಡ್ಕಳಾಣ ಸಾರ್?" ಎಂದು ಕೇಳಿದೆ.

"ದಾರೀಲಿ ನೀರು ಕೊಟ್ಟೋರ ಹೆಸರು ಕೇಳ್ಕಂಡು ಕುಡೀತೀಯೇನಮ್ಮ?"

"ಹೊಟ್ಟೆ ಕೆಟ್ರೆ ಕೇಳ್ಬೇಕಾಗುತ್ತಲ್ಲ ಸಾರ್!"

ಮೇಷ್ಟ್ರು ಕಣ್ಣರಳಿಸಿದರು. "ಹೌದಲ್ಲ! ಮತ್ತೆ ಮತ್ತೆ ಬೇಕಾಗೋದಕ್ಕೆ, ದೊಡ್ಡದಕ್ಕೆ ಹೆಸರಿಡು. ಒಂದು ಗುಟುಕಿಗೆ ಬ್ಯಾಡ."

ಎದುರಾಳಿಯ ಮಾತನ್ನು ಇಷ್ಟು ಸಂತೋಷದಿಂದ ಒಪ್ಪಿಕೊಂಡವರನ್ನು ನಾನು ಯಾವ ವೇದಿಕೆಯಲ್ಲೂ ಕಂಡಿರಲಿಲ್ಲ.

ಆ ವರ್ಷ ನೇಮಕದ ನಿಯಮ ಬದಲಾಯಿತು. ಮೊದಲು ಪಾಠ ಹೇಳಿದ ಅನುಭವ ನೋಡುತ್ತಿದ್ದರು. ಈಗ ಎಷ್ಟು ದೊಡ್ಡ ಪದವಿ ಎಂದು ನೋಡತೊಡಗಿದರು. ನೇಮಕದ ಸಾಲಿನಲ್ಲಿ ಮುಂದಿದ್ದ ಮೇಷ್ಟ್ರು ಕೊನೆಗೆ ಹೋದರು, ಕೆಲಸ ತಪ್ಪಿತು. ನಾನು ಪ್ರಾಂಶುಪಾಲರ ಮುಂದೆ ನಿಂತು ವಾದಿಸಿದೆ.

"ಪಾಯಿಂಟ್ ಚೆನ್ನಾಗೈತಮ್ಮ. ಆದ್ರೆ ನಿಯಮ ನಂದಲ್ಲ."

"ಮತ್ತೆ ಯಾರ್ದು ಸಾರ್?"

ಅವರು ಮೇಲಕ್ಕೆ ಬೆರಳು ತೋರಿಸಿದರು. ಅಲ್ಲಿ ಫ್ಯಾನ್ ತಿರುಗುತ್ತಿತ್ತು.

ಗೇಟಿನ ಹತ್ತಿರ ಮೇಷ್ಟ್ರು ಊಟದ ಡಬ್ಬಿ ಹಿಡಿದು ನಿಂತಿದ್ದರು.

"ಏನಂದ್ರು?"

"ನನ್ ಮಾತು ಕೇಳ್ಲಿಲ್ಲ ಸಾರ್."

"ಜಗಳ ಜೋರಾಗಿ ಮಾಡಿದೆ ತಾನೆ?"

"ಮಾಡಿದೆ."

"ಸಾಕು ಬಿಡು," ಎಂದು ಹೊಳಲ್ಕೆರೆ ಬಸ್ಸು ಹತ್ತಿದರು. ಬಿಸಿಲಿಗೆ ರಸ್ತೆ ನೀರಿನಂತೆ ಹೊಳೆಯುತ್ತಿತ್ತು. ಬಸ್ಸು ಅದರಲ್ಲಿ ಕರಗಿಹೋಯಿತು.

ಹೊಸ ಮೇಡಂ ಚೆನ್ನಾಗಿಯೇ ಪಾಠ ಮಾಡುತ್ತಾರೆ, ಸುಳ್ಳು ಹೇಳಬಾರದು. ಮೊನ್ನೆ ಪಾಠದ ನಡುವೆ ಕೈ ಎತ್ತಿದೆ. "ಪ್ರಶ್ನೆ ಕೊನೇಲಿ ಕೇಳಿ," ಎಂದರು. ಕೊನೆಯಲ್ಲಿ ಕೇಳಿದೆ. ಸರಿಯಾದ ಉತ್ತರವನ್ನೇ ಕೊಟ್ಟರು.

ಜಗಳಕ್ಕೆ ಜಾಗವೇ ಇಲ್ಲದೆ, ಮೇಷ್ಟ್ರಂತೆ ಕಿಟಕಿಯಾಚೆ ಗಾಳಿಯಂತ್ರಗಳನ್ನು ನೋಡುತ್ತಾ ಕೂತುಕೊಂಡೆ.